ಹಳೇ ಊರು ಎಂಬ ಪುಟ

ಸತ್ತ ಕುರಿಯ ಕಿವಿಯ ನರ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡೆ. ಕೈಗೆ ಒಂದರ ಮೇಲೊಂದು ಎರಡು ಗವಸು ಹಾಕಿಕೊಂಡಿದ್ದೆ. ಮೂಗಿನಿಂದ ಸುರಿದ ರಕ್ತ ಹೆಪ್ಪುಗಟ್ಟದೆ ಕಪ್ಪಗೆ ಮಣ್ಣಿನಲ್ಲಿ ಹರಡಿಕೊಂಡಿತ್ತು. ಹೊಟ್ಟೆ ಉಬ್ಬಿತ್ತು. ಸತ್ತು ಅಷ್ಟು ಹೊತ್ತಾದರೂ ಕಾಲು ಸೆಟೆದಿರಲಿಲ್ಲ.

"ಮುಂಜಾನಿ ಛಲೋ ಇತ್ರಿ ಅಕ್ಕಾರ. ಮೇಯಾಕ ಹೊಡದ್ವಿ, ಸ್ವಲ್ಪ ದೂರ ನಡೀತು, ಧಡ್ ಅಂತ ಬಿತ್ತು," ಎಂದ ಹಿರಿಯ ಕುರಿಗಾರ. ಯರಗಟ್ಟಿ ರಸ್ತೆಯ ಪಕ್ಕದ ಒಂದು ಹೊಲದಲ್ಲಿ ಅವನ ಹಿಂಡು ಬೀಡುಬಿಟ್ಟಿತ್ತು.

"ಇದನ್ನ ಕೊಯ್ಯಬ್ಯಾಡ್ರಿ. ತೊಗಲ ಸುಲಿಯಬ್ಯಾಡ್ರಿ. ನಾಯಿಗೂ ಮುಟ್ಟಾಕ ಬಿಡಬ್ಯಾಡ್ರಿ. ಆಳವಾಗಿ ತಗ್ಗ ತಗದು ಸುಣ್ಣ ಹಾಕಿ ಮುಚ್ಚೂಣು."

"ಅಷ್ಟ ಕೆಟ್ಟ ಬ್ಯಾನಿ ಏನ್ರಿ ಇದು?"

"ಹೌದು. ಮನುಷ್ಯಾರಿಗೂ ಬರ್ತೈತಿ."

ಸವದತ್ತಿ ತಾಲ್ಲೂಕಿನಲ್ಲಿ, ಅಣೆಕಟ್ಟಿನ ಹಿನ್ನೀರಿಗೆ ಹತ್ತಿರವಿರುವ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ನಾನು ವೈದ್ಯೆ. ಆಸ್ಪತ್ರೆಗೆ ಬಂದು ಆ ಗಾಜಿನ ಪಟ್ಟಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೀಲಿ ಕಡ್ಡಿಗಳು, ಸುತ್ತ ತಿಳಿಗೆಂಪು ಕವಚ. ನೆರಡಿ ರೋಗ, ಅಂಥ್ರಾಕ್ಸ್. ಈ ರೋಗದ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಯಾರೋ ನೆಲ ಕೆದಕುತ್ತಾರೆ, ಕುರಿ ಬಾಯಿ ಹಾಕುತ್ತದೆ, ಅಷ್ಟೇ.

ಸಂಜೆಯೊಳಗೆ ಎರಡು ಫೋನ್ ಬಂದವು. ರಾಮದುರ್ಗದ ಕಡೆಯ ಸಹೋದ್ಯೋಗಿಯೊಬ್ಬರು ಅಲ್ಲಿಯೂ ಒಂದು ಹಿಂಡಿನಲ್ಲಿ ಹೀಗೇ ಕುರಿ ಬೀಳುತ್ತಿವೆ ಎಂದರು. ಬೈಲಹೊಂಗಲದ ಕಡೆಯಿಂದ ಬಂದ ಸುದ್ದಿ ಇನ್ನೂ ಕೆಟ್ಟದ್ದು. ಅಲ್ಲಿ ಗಂಡಹೆಂಡಿರಿಬ್ಬರು ಹಿಂಡು ಮೇಯಿಸುತ್ತಿದ್ದರು; ಹಿಂಡಿನ ಯಜಮಾನನಾದ ಗಂಡ, ಸತ್ತ ಕುರಿಯನ್ನು ತಾನೇ ಕೊಯ್ದು ಅಡುಗೆ ಮಾಡಿಸಿ ಉಂಡಿದ್ದ. ಈಗ ಅವನನ್ನು ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರು.

ಮೂರು ದಿಕ್ಕು, ಮೂರು ಹಿಂಡು. ರೋಗ ಮೂರು ಕಡೆ ಒಟ್ಟಿಗೆ ಹುಟ್ಟುವುದು ಅಪರೂಪ. ಈ ಹಿಂಡುಗಳು ಕೆಲವು ದಿನಗಳ ಹಿಂದೆ ಎಲ್ಲೋ ಒಂದೇ ನೆಲದ ಮೇಲೆ ನಿಂತಿರಬೇಕು. ಆ ನೆಲ ಯಾವುದು? ಅದನ್ನು ಬೇಗ ಹುಡುಕಿ ಮುಚ್ಚದಿದ್ದರೆ ಹಿನ್ನೀರಿನ ದಂಡೆಯಲ್ಲಿ ಆಗ ಮೇಯುತ್ತಿದ್ದ ಉಳಿದ ಹಿಂಡುಗಳೂ ಅದರ ಮೇಲೇ ಹಾಯುತ್ತಿದ್ದವು.

ಉತ್ತರ ನನ್ನ ವಿಕಿಯಲ್ಲಿದೆ ಎಂದು ನಾನು ನಂಬಿದ್ದೆ.

ವಿಕಿ ಅಂದರೆ ದೊಡ್ಡದೇನಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿರುವ, ನಾನೊಬ್ಬಳೇ ಓದುವ ಟಿಪ್ಪಣಿಗಳ ಗಂಟು. ಪ್ರತಿ ಟಿಪ್ಪಣಿಗೆ ಒಂದು ಪುಟ, ಪ್ರತಿ ಪುಟಕ್ಕೆ ಒಂದು ಶೀರ್ಷಿಕೆ. ಬರೆಯುತ್ತಾ ಬರೆಯುತ್ತಾ ಇನ್ನೊಂದು ಪುಟದ ಶೀರ್ಷಿಕೆಯನ್ನು ಜೋಡಿ ಚೌಕ ಆವರಣದೊಳಗೆ ಇಟ್ಟರೆ ಅದು ಕೊಂಡಿಯಾಗುತ್ತದೆ. ಒತ್ತಿದರೆ ಆ ಪುಟಕ್ಕೆ ಒಯ್ಯುತ್ತದೆ. ಪುಟ ಇದ್ದರೆ ಕೊಂಡಿ ನೀಲಿ, ಇನ್ನೂ ಬರೆದಿಲ್ಲದಿದ್ದರೆ ಕೆಂಪು. ಯಾವ ಯಾವ ಪುಟಗಳು ಇಲ್ಲಿಗೆ ಬಂದು ಸೇರುತ್ತವೆ ಎಂಬುದು ಪ್ರತಿ ಪುಟದ ಕೆಳಗೆ ಕಾಣುತ್ತದೆ. ಸರ್ಕಾರಿ ವಹಿಯಲ್ಲಿ ಕುರಿಗಳು ಊರಿನ ಹೆಸರಿನಡಿ ದಾಖಲಾಗುತ್ತವೆ. ಆದರೆ ಕುರಿಗಳು ಊರಲ್ಲಿರುವುದಿಲ್ಲ, ವರ್ಷದ ಬಹುಪಾಲು ದಾರಿಯಲ್ಲಿರುತ್ತವೆ. ಅದಕ್ಕೇ ನನಗೆ ಇದು ಬೇಕಾಗಿತ್ತು.

ಹಿಂಡಿನ ಪುಟಕ್ಕೆ ಯಜಮಾನನ ಹೆಸರಿಟ್ಟಿದ್ದೆ. ಮೊದಮೊದಲು ಬರೀ ಹೆಸರು. ಎಲ್ಲಮ್ಮನ ಗುಡ್ಡದ ಸುತ್ತಿನ ಈ ಸೀಮೆಯಲ್ಲಿ ಸಂತೆಯಲ್ಲಿ ನಿಂತು ಯಲ್ಲಪ್ಪ ಎಂದು ಕೂಗಿದರೆ ಹತ್ತಾರು ಜನ ತಿರುಗುತ್ತಾರೆ. ಹಾಗಾಗಿ ಬೇಗನೆ ತಂದೆಯ ಹೆಸರು, ಊರು ಸೇರಿಸಬೇಕಾಯಿತು. ಜಾಗಗಳಿಗೆ ಮಾತ್ರ ಬೇರೆ ನಿಯಮ: ಕುರಿಗಾರ ಆ ಜಾಗವನ್ನು ಏನೆಂದು ಕರೆಯುತ್ತಾನೋ ಅದೇ ಶೀರ್ಷಿಕೆ. ಸರ್ವೆ ನಂಬರು ಅವರಿಗೆ ಬೇಕಿಲ್ಲ. ಅವರ ಬಾಯಿಂದ ಬಂದ ಹೆಸರನ್ನು ಹಾಗೇ ಬರೆದರೆ ಮುಂದೆ ಮಾತಾಡುವಾಗ ಗೊಂದಲವಾಗದು ಎಂದುಕೊಂಡಿದ್ದೆ.

ಹಿಂದಿನ ವಾರವಷ್ಟೇ ಈ ಮೂರೂ ಹಿಂಡಿನವರು ಜಂತಿನ ಔಷಧಿಗೆಂದು ಬೇರೆ ಬೇರೆ ದಿನ ನನ್ನ ಆಸ್ಪತ್ರೆಗೆ ಬಂದಿದ್ದರು. "ಎಲ್ಲಿ ನಿಂತೀರಿ?" ಎಂದು ಕೇಳಿ ಬರೆದುಕೊಂಡಿದ್ದೆ. ಪುಟಗಳನ್ನು ತೆಗೆದೆ. ಯರಗಟ್ಟಿಯ ಹಿರಿಯನ ಪುಟದಲ್ಲಿ ಕೊನೆಯ ಬೀಡು: ಹಳೇ ಊರು. ಬೈಲಹೊಂಗಲದ ಆ ಗಂಡಹೆಂಡಿರ ಪುಟದಲ್ಲೂ ಹಳೇ ಊರು. ರಾಮದುರ್ಗದ ಹಿಂಡಿನ ಪುಟದಲ್ಲಿ ಮಾತ್ರ ಜಾಗದ ಹೆಸರಿರಲಿಲ್ಲ, ಹಿನ್ನೀರಿನ ದಂಡೆಯ ಪುಟಕ್ಕೆ ಒಂದು ಕೊಂಡಿ ಇತ್ತು. ಅಲ್ಲಿ ಬರೆದದ್ದು ನೆನಪಿದೆ, ಪುಟ ಖಾಲಿ. ಹುಡುಕಿ ಹುಡುಕಿ ಕೊನೆಗೆ ತಿಳಿಯಿತು: 'ಬ್ಯಾಕ್‌ವಾಟರ್ ದಂಡಿ' ಎಂಬ ಶೀರ್ಷಿಕೆಯ ಎರಡು ಪುಟಗಳಿದ್ದವು. ಕಣ್ಣಿಗೆ ಒಂದಕ್ಷರದ ವ್ಯತ್ಯಾಸವಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡುವಾಗ ಪದದ ಕೊನೆಯ ಅರ್ಧಾಕ್ಷರದ ಪಕ್ಕದಲ್ಲಿ ಕಾಣದ ಒಂದು ಗುರುತು ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ನಾನು ಅದನ್ನು ಹಾಕಿರಲಿಲ್ಲ. ನಮಗೆ ಒಂದೇ ಪದ, ಯಂತ್ರಕ್ಕೆ ಎರಡು. ರಾಮದುರ್ಗದ ಹಿಂಡಿನ ಟಿಪ್ಪಣಿ ಆ ಇನ್ನೊಂದು ಪುಟದಲ್ಲಿ ಕೂತಿತ್ತು: ಹಳೇ ಊರಿನ ಬಾಜೂಕ್ಕೆ.

ಮೂರೂ ಒಂದೇ ಕಡೆ ಬಂದು ನಿಂತವು. 'ಹಳೇ ಊರು' ಪುಟದ ಕೆಳಗೆ ನೋಡಿದೆ. ನನ್ನ ವಿಕಿಯಲ್ಲಿ ಅತಿ ಹೆಚ್ಚು ಕೊಂಡಿಗಳು ಬಂದು ಸೇರುವ ಪುಟ ಅದೇ ಆಗಿತ್ತು.

ಬೆಳಿಗ್ಗೆ ತಾಲ್ಲೂಕಿನ ಮೇಲಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಕೆಲಸಗಾರ; ಆ ವಾರ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ. ಲಸಿಕೆಯ ದಾಸ್ತಾನು ಕಡಿಮೆ ಇತ್ತು, ಹಾಕಲು ಒಂದೇ ತಂಡವಿತ್ತು. ಪರದೆ ನೋಡಿ ಅವರ ಮುಖ ಅರಳಿತು.

"ಭಾಳ ಛಲೋ ಆತು ಮೇಡಮ್ಮಾರ. ಎಲ್ಲಾ ಕೊಂಡಿ ಒಂದ ಕಡೆ ಬರಾಕ ಹತ್ತ್ಯಾವು. ರಸ್ತೆ ಬಾಜೂಕಿನ ಹಳೇ ಊರು ಅಲ್ಲ ಅದು? ಇವತ್ತ ತಂಡ ಅಲ್ಲಿಗೆ ಹೋಗ್ಲಿ. ಸುತ್ತಿನ ಹಿಂಡಿಗೆ ಲಸಿಕೆ ಹಾಕೂಣು, ದಾರಿಗೆ ಮುಳ್ಳ ಬಡಿಯೂಣು."

ನಾನು ಹೂಂ ಅಂದೆ. ಆಗ ಹಿರಿಯ ಕುರಿಗಾರ ವರಾಂಡದಲ್ಲೇ ಕೂತಿದ್ದ. ಖಚಿತಪಡಿಸಿಕೊಳ್ಳೋಣ ಎಂದು ಅವನನ್ನು ಕರೆದು ಕೇಳಿದೆ: "ನೀವು ನಿಂತಿದ್ದು ರಸ್ತೆ ಬಾಜೂಕಿನ ಹಳೇ ಊರಾಗ ಹೌದಲ್ಲ?"

"ಹೌದ್ರಿ. ನಮ್ಮ ಹಳೇ ಊರು ಅದ."

"ರಾಮದುರ್ಗದ ಕಡೆ ಹೋದ ಹಿಂಡಿನವರೂ ಅಲ್ಲೇ ಇದ್ರೇನು?"

"ಇಲ್ರಿ. ಅವ್ರದ್ದ ಹಳೇ ಊರು ಬ್ಯಾರೆ. ಅದು ಆ ದಂಡಿಗೆ ಐತಿ."

ಅಣೆಕಟ್ಟು ಕಟ್ಟಿದಾಗ ಮುಳುಗಿದ್ದು ಒಂದು ಊರಲ್ಲ, ಅನೇಕ. ಜನರೆಲ್ಲ ಎತ್ತರಕ್ಕೆ ಬಂದು ಹೊಸ ಮನೆ ಕಟ್ಟಿಕೊಂಡರು. ಬೇಸಿಗೆಯಲ್ಲಿ ನೀರು ಸರಿದಾಗ ಗೋಡೆಯ ಬುಡ, ಗುಡಿಯ ಕಟ್ಟೆ ಮೇಲೆದ್ದರೆ ಒಂದೊಂದು ಊರಿನವರೂ ತಮ್ಮ ತಮ್ಮದನ್ನು ಕರೆಯುವುದು ಹಳೇ ಊರು ಎಂದೇ. ಇದು ಇಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ, ನನಗೂ ಗೊತ್ತಿತ್ತು. ಆದರೆ ಬರೆಯುವಾಗ ಕೊಂಡಿ ನೀಲಿಯಾಗಿ ಕಂಡರೆ ಸಾಕು, ಮನಸ್ಸು ಮುಂದಕ್ಕೆ ಹೋಗಿಬಿಡುತ್ತದೆ. ನನ್ನ ಆ ಪುಟ ಒಂದು ಜಾಗವೇ ಆಗಿರಲಿಲ್ಲ.

ಮೇಲಧಿಕಾರಿಗೆ ಹೇಳಿದೆ. ಅವರು ಕುರ್ಚಿಗೆ ಒರಗಿ ಕಣ್ಣು ಉಜ್ಜಿಕೊಂಡರು. "ಹಂಗಾದ್ರ ಮೂರರಾಗ ಒಂದಂತೂ ಅದ ಹೌದಲ್ಲ. ಅಲ್ಲಿಂದ ಸುರು ಮಾಡೂಣು. ಸುಮ್ನ ಕುಂತ್ರ ಏನ್ ಆಕ್ಕೈತಿ?"

ಆ ಮಾತು ತಪ್ಪೆನ್ನಲು ನನ್ನಲ್ಲಿ ಆಧಾರವಿರಲಿಲ್ಲ. ಆದರೆ ತಂಡ ಒಂದು ಕಡೆ ಹೋದರೆ ಇನ್ನೊಂದು ಕಡೆಗೆ ಲಸಿಕೆ ಉಳಿಯುವುದಿಲ್ಲ. ಹಾಕಿದ ಲಸಿಕೆ ಕೆಲಸ ಮಾಡಲು ಮತ್ತಷ್ಟು ದಿನ ಬೇಕು. ತಪ್ಪು ದಂಡೆಗೆ ಬೇಲಿ ಹಾಕಿದರೆ ಹಿಂಡುಗಳು ಬೇಲಿ ಇಲ್ಲದ ದಂಡೆಗೆ ನುಗ್ಗುತ್ತವೆ, ನಾವೇ ಅಟ್ಟಿದ ಹಾಗಾಗುತ್ತದೆ.

"ಇವತ್ತೊಂದು ದಿನ ಕೊಡ್ರಿ ಸರ್," ಎಂದೆ.

ಅವರ ಎದುರಿಗೇ 'ಹಳೇ ಊರು' ಪುಟವನ್ನು ಅಳಿಸಿದೆ. ಶೀರ್ಷಿಕೆ ಬದಲಿಸಿದ್ದರೆ ಎಲ್ಲ ಕೊಂಡಿಗಳೂ ಹೊಸ ಹೆಸರಿನ ಹಿಂದೆ ತಾವಾಗಿಯೇ ಹೋಗಿಬಿಡುತ್ತಿದ್ದವು, ಒಂದು ತಪ್ಪು ಇನ್ನೊಂದು ತಪ್ಪಾಗುತ್ತಿತ್ತು. ಅಳಿಸಿದರೆ ಮಾತ್ರ ಎಲ್ಲವೂ ಕೆಂಪಾಗುತ್ತವೆ. ಕೆಂಪಾದವು. ಹಿಂಡು ಹಿಂಡಿನ ಪುಟಗಳಲ್ಲಿ, ವರ್ಷ ವರ್ಷದ ಟಿಪ್ಪಣಿಗಳಲ್ಲಿ ಕೆಂಪು ಅಕ್ಷರ.

"ಇದ್ದದ್ದನ್ನೂ ಕಳಕೊಂಡ್ರಿ," ಎಂದರು ಅವರು. ಸಿಟ್ಟಿರಲಿಲ್ಲ, ದಣಿವಿತ್ತು.

ಒಂದೊಂದೇ ಕೊಂಡಿ ಹಿಡಿದು, ಅದನ್ನು ಹೇಳಿದವರಿಗೆ ಫೋನ್ ಮಾಡುತ್ತಾ ಹೋದೆ. ಯಾವ ಹಳೇ ಊರು? ಅಲ್ಲಿ ಏನು ಕಾಣುತ್ತದೆ? ಎಡಕ್ಕೆ ನೀರೋ ಬಲಕ್ಕೋ? ಕೆಲವರು ತಕ್ಷಣ ಹೇಳಿದರು. ಕೆಲವರು ಗುಡ್ಡದ ಮರೆಯಲ್ಲಿದ್ದರು, ಫೋನ್ ಹತ್ತಲಿಲ್ಲ. ಪ್ರತಿಯೊಂದಕ್ಕೂ ಹೊಸ ಊರಿನ ಹೆಸರು ಮುಂದಿಟ್ಟು ಬೇರೆ ಬೇರೆ ಪುಟ ಮಾಡಿದೆ. ರಾಮದುರ್ಗದ ಹಿಂಡಿನದು ಆಚೆ ದಂಡೆಯದು, ಖಚಿತವಾಯಿತು. ಆದರೆ ಅವರೂ ಯರಗಟ್ಟಿಯ ಹಿರಿಯನ ಹಿಂಡಿನವರೂ ಒಬ್ಬರ ಜಾಗಕ್ಕೆ ಒಬ್ಬರು ಹೋಗಿಲ್ಲ ಎಂದರು. ನಕ್ಷೆಯ ಮೇಲೆ ಅವರ ಎರಡು ಗೆರೆ ಎಲ್ಲೂ ಕೂಡಲಿಲ್ಲ. ಉಳಿದದ್ದು ಬೈಲಹೊಂಗಲದ ಗಂಡಹೆಂಡಿರದು.

ಗಂಡನ ಪುಟದಲ್ಲಿ ಅವನ ಊರು ಬರೆದಿತ್ತು. ಆ ಊರೂ ಮುಳುಗಡೆಯದೇ. ಹಾಗಾದರೆ ಅವನ ಹಳೇ ಊರು ಇಂಥದ್ದೇ ಎಂದು ನಕ್ಷೆಯಲ್ಲಿ ಬೆರಳಿಟ್ಟು ಹೇಳಬಹುದಿತ್ತು. ಕೊಂಡಿಯನ್ನು ಅಲ್ಲಿಗೆ ಬೆಸೆಯಲು ಟೈಪ್ ಮಾಡಲೂ ತೊಡಗಿದೆ. ಕೈ ತಡೆಯಿತು. ಉಳಿದವರನ್ನೆಲ್ಲ ಕೇಳಿ ಇವನೊಬ್ಬನದನ್ನು ಊಹೆಯಿಂದ ತುಂಬುವುದೇ? ಅವನ ಫೋನ್ ಬಂದ್ ಆಗಿತ್ತು. ಮಧ್ಯಾಹ್ನ ಗಾಡಿ ಮಾಡಿಕೊಂಡು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋದೆ.

ಅವನು ಒಳಗೆ ತೀವ್ರ ನಿಗಾ ಘಟಕದಲ್ಲಿದ್ದ. ಯಾರನ್ನೂ ಬಿಡುತ್ತಿರಲಿಲ್ಲ. ಹೊರಗೆ ಬೆಂಚಿನ ಪಕ್ಕ ನೆಲದ ಮೇಲೆ ಅವನ ಹೆಂಡತಿ ಕೂತಿದ್ದಳು. ಇಪ್ಪತ್ತೈದರ ಆಸುಪಾಸಿನ ಹೆಂಗಸು. ಬಲಗೈ ಮುಂಗೈಗೆ ಪಟ್ಟಿ ಕಟ್ಟಿದ್ದರು. ಅಲ್ಲಿ ಕಪ್ಪು ಹುಣ್ಣು ಎದ್ದಿತ್ತು, ಔಷಧಿ ಸುರುವಾಗಿತ್ತು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದಳು.

"ಕುಂತ್ಕೋವ್ವಾ," ಎಂದು ನಾನೂ ಪಕ್ಕದಲ್ಲಿ ಕೂತೆ. "ಹ್ಯಾಂಗ ಇದ್ದಾನ?"

"ಮಾತಾಡವಲ್ರಿ. ಹೊಟ್ಟಿ ಉಬ್ಬೇತಿ. ಡಾಕ್ಟ್ರು ಏನೂ ಹೇಳವಲ್ರು." ಆಮೇಲೆ ಅವಳೇ ಹೇಳಿದಳು. "ಅವತ್ತ ಮಂಗಳವಾರ್ರಿ. ನಾ ಎಲ್ಲಮ್ಮನ ವಾರ ಹಿಡದಿದ್ನಿ, ಉಣ್ಣಲಿಲ್ಲ. ಖಂಡ ಹೆಚ್ಚಿ ಕೊಟ್ಟಾಕಿ ನಾನ. ಅವ್ರು ಉಂಡ್ರು."

ಇಂಥ ಹೊತ್ತಿನಲ್ಲಿ ಜಾಗದ ಹೆಸರು ಕೇಳುವುದು ಹೇಗೆ? ಒಳಗೆ ಯಂತ್ರಗಳ ಸದ್ದು, ನರ್ಸುಗಳ ಓಡಾಟ. ಹಿನ್ನೀರಿನ ದಂಡೆಯಲ್ಲಿ ಆ ಕ್ಷಣದಲ್ಲೂ ಯಾರದೋ ಹಿಂಡು ನೀರಿಗೆ ಇಳಿಯುತ್ತಿರಬಹುದು ಎಂದು ನೆನೆದು ಕೇಳಿಯೇಬಿಟ್ಟೆ.

"ತಂಗಿ, ಹೋದ ವಾರ ಹಳೇ ಊರಾಗ ನಿಂತಿದ್ವಿ ಅಂತ ಅವ ಹೇಳಿದ್ದ. ಅದು ನಿಮ್ಮೂರಿನವ್ರ ಹಳೇ ಊರು ಹೌದಲ್ಲ?"

ಅವಳು ತಲೆ ಅಲ್ಲಾಡಿಸಿದಳು. "ಅಲ್ರಿ. ಅದು ನನ್ನ ತವರಮನಿಯವ್ರ ಹಳೇ ಊರು. ನಾ ಹಂಗ ಅಂತಿದ್ನಿ, ಅವ್ರೂ ಹಂಗ ಅನ್ನಾಕ ಹತ್ತಿದ್ರು. ನಮ್ಮ ಅವ್ವನ ಅವ್ವ ಹುಟ್ಟಿದ್ದ ಮನಿ ಅಲ್ಲೈತ್ರಿ. ಈ ಸಲ ನೀರ ಭಾಳ ಸರದಿತ್ತು. ತೋರಸ್ತೇನಿ ಬರ್ರಿ ಅಂತ ನಾನ ಕರಕೊಂಡ ಹೋಗಿದ್ನಿ."

"ಅಲ್ಲಿ ಕುರಿಗೆ ನೀರ ಎಲ್ಲಿ ಕುಡಿಸಿದ್ರಿ?"

"ಟ್ರ್ಯಾಕ್ಟರಿನವ್ರು ಹೊಲಕ್ಕ ಹಾಕಾಕ ಗೋಡಮಣ್ಣ ತಗದ ದೊಡ್ಡ ತಗ್ಗ ಮಾಡ್ಯಾರ್ರಿ. ಅದರಾಗ ನೀರ ನಿಂತಿತ್ತು. ದಾರ್ಯಾಗಿನ ಹಿಂಡೆಲ್ಲಾ ಅಲ್ಲೇ ಕುಡಿತಾವು." ನೆನಪಾದಂತೆ ದನಿ ತಗ್ಗಿಸಿ ಹೇಳಿದಳು: "ಎಲುವು ಬಿದ್ದಿದ್ವು ಅಲ್ಲಿ. ಹಳೇವು. ದನದ್ದು."

ನಾನು ಅಲ್ಲಿಂದಲೇ ಹಿರಿಯ ಕುರಿಗಾರನಿಗೆ ಫೋನ್ ಹಚ್ಚಿದೆ.

"ಮಣ್ಣ ತಗದ ತಗ್ಗಿನ್ಯಾಗ ನೀರ ಕುಡಿಸಿದ್ರೇನು?"

"ಹೌದ್ರಿ, ಬರೂಮುಂದ ಒಂದ್ಸಲ ಕುಡಿಸಿದ್ವಿ. ಅಲ್ಲಿ ನಿಂತಿಲ್ರಿ ನಾವು. ನೀವು ನಿಂತ ಜಾಗಾ ಕೇಳಿದ್ರಿ."

ರಾಮದುರ್ಗದ ಹಿಂಡಿನವರದೂ ಅದೇ ಉತ್ತರ. ಅವರಿಗೆ ಅದು ಹೆಸರಿಡುವ ಜಾಗವೇ ಅಲ್ಲ, ದಾರಿಯಲ್ಲಿ ಸಿಕ್ಕ ಒಂದು ತಗ್ಗು. ಹೆಸರಿದ್ದದ್ದು ಅವಳೊಬ್ಬಳಿಗೆ.

ಫೋನ್ ಇಟ್ಟಾಗ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಯಾಕೆ ಬಂದೆ, ಏನು ಕೇಳಿದೆ ಎಂಬುದು ಅವಳಿಗೆ ಪೂರ್ತಿ ತಿಳಿದಿತ್ತು.

"ಅಲ್ಲಿಂದ ಬಂದೈತೇನ್ರಿ ಇದು?"

"ಹೌದು ಅನಸ್ತೈತಿ."

"ನಾನ ಕರಕೊಂಡ ಹೋದೆ," ಎಂದಳು.

"ಆ ತಗ್ಗ ನೀ ತಗದಿದ್ದಲ್ಲವ್ವ." ಅವಳ ಪಟ್ಟಿ ಕಟ್ಟದ ಕೈ ಹಿಡಿದು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ. ಮೇಲಧಿಕಾರಿಗೆ ಗಾಡಿಯಿಂದಲೇ ತಿಳಿಸಿದೆ. ಅವರು ತಡೆದಿಟ್ಟಿದ್ದ ತಂಡವನ್ನು ಆ ಕಡೆಗೆ ಹೊರಡಿಸಿದರು.

ಮರುದಿನ ಬೆಳಿಗ್ಗೆ ಎಲ್ಲರೂ ಆ ತಗ್ಗಿನ ಬಳಿ ನಿಂತಿದ್ದೆವು. ಒಂದು ಕಾಲಕ್ಕೆ ಊರಾಚೆ ಸತ್ತ ದನಗಳನ್ನು ಎಸೆಯುತ್ತಿದ್ದ ಜಾಗವಿರಬೇಕು. ಕತ್ತರಿಸಿದ ಮಣ್ಣಿನ ಗೋಡೆಯಲ್ಲಿ ಎಲುಬುಗಳು ಪದರು ಪದರಾಗಿ ಕಾಣುತ್ತಿದ್ದವು. ಕೆಳಗೆ ಹಸಿರು ನೀರು, ಅಂಚಿನ ತುಂಬ ಕುರಿಯ ಹೆಜ್ಜೆ. ಮಣ್ಣನ್ನು ಪರೀಕ್ಷೆಗೆ ತೆಗೆದುಕೊಂಡೆವು. ಮುಳ್ಳುಕಂಟಿ ಬಡಿದು, ಸುಣ್ಣ ಸುರಿದು, ದಾರಿ ಮುಚ್ಚಿ, ದಂಡೆಯುದ್ದ ಹಿಂಡು ಹಿಂಡಿಗೆ ಲಸಿಕೆ ಹಾಕುತ್ತಾ ಹೋದೆವು. ನಡುವೆ ಕುರಿ ಸಾಯುತ್ತಲೇ ಇದ್ದವು. ಲಸಿಕೆಗಿಂತ ಮೊದಲೇ ನೀರು ಕುಡಿದವು. ಪರೀಕ್ಷೆಯ ವರದಿ ನಮ್ಮ ಅನುಮಾನ ನಿಜವೆಂದಿತು.

ಅಷ್ಟರಲ್ಲಿ ಅವಳ ಗಂಡ ತೀರಿಕೊಂಡಿದ್ದ. ಸುದ್ದಿ ಬಂದಾಗ ನಾನು ಒಂದು ಕುರಿಯ ತೊಡೆಸಂದಿನಲ್ಲಿ ಸೂಜಿ ಇಟ್ಟಿದ್ದೆ. ಆ ಹಿಂಡು ಮುಗಿಸಿದ ಮೇಲೆ ಹೊಲದ ಬದುವಿನ ಮೇಲೆ ಹೋಗಿ ಕೂತೆ.

ತಗ್ಗಿನ ದಾರಿ ಮುಚ್ಚಿತು, ಆದರೆ ತಗ್ಗಿನಿಂದ ಹೋದ ಮಣ್ಣು? ಟ್ರ್ಯಾಕ್ಟರುಗಳು ಅದನ್ನು ಎಷ್ಟೋ ಹೊಲಗಳಿಗೆ ಒಯ್ದು ಹರವಿದ್ದವು. ಗೋಡಮಣ್ಣು ಹಾಕಿದರೆ ಬೆಳೆ ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಬೇಕು. ಮಣ್ಣು ಸಾಗಿಸಿದವನನ್ನು ಹುಡುಕಿ ಹೊಲಗಳ ಹೆಸರು ಕೇಳಿದೆ. ಮೊದಲು ಅವನು ನೆನಪಿಲ್ಲ ಎಂದ. ಆಮೇಲೆ ಒಂದಿಷ್ಟು ಹೇಳಿದ. ಒಂದು ಹೊಲದ ಮಾಲೀಕರ ಬಳಿ ಹೋದಾಗ ಅವರು ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, "ನಮ್ಮ ಹೊಲದ ಹೆಸರ ಎಲ್ಲೂ ಬರೀಬ್ಯಾಡ್ರಿ ಮೇಡಮ್ಮಾರ. ಮಗಳ ಮದಿವಿ ಐತಿ. ರೋಗದ ಹೊಲ ಅಂದ್ರ ಯಾರ ಬರ್ತಾರ ಮನಿಗೆ?" ಎಂದರು.

"ಇದು ನಾ ಒಬ್ಬಾಕಿ ಓದೂದು," ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಆದರೂ ಅವರ ದನಗಳಿಗೆ ಲಸಿಕೆ ಹಾಕಿಸಿಕೊಂಡರು. ಹೇಳದೆ ಉಳಿದ ಹೊಲಗಳಿಗೆ ನನ್ನ ವಿಕಿಯಲ್ಲಿ ಈಗಲೂ ಪುಟವಿಲ್ಲ. 'ಮಣ್ಣು ಹೋದ ಹೊಲ' ಎಂದಷ್ಟೇ ಬರೆದಿರುವ ಕೆಂಪು ಕೊಂಡಿಗಳಿವೆ. ಅವುಗಳನ್ನು ಅಳಿಸುವುದಿಲ್ಲ. ತಪ್ಪು ಹೆಸರು ತುಂಬುವುದೂ ಇಲ್ಲ. ಮಳೆಗಾಲದಲ್ಲಿ ನೀರು ಏರಿ ಆ ತಗ್ಗನ್ನೂ ಬೇಲಿಯನ್ನೂ ಮುಳುಗಿಸಿತು. ಮುಂದಿನ ಬೇಸಿಗೆಗೆ ಮತ್ತೆ ಏನು ಮೇಲೇಳುತ್ತದೋ ಎಂಬ ಭಯ ನನಗಿತ್ತು.

ಆ ಬೇಸಿಗೆಗೆ ಮೊದಲೇ ಲಸಿಕೆಯ ಶಿಬಿರ ಇಟ್ಟೆವು. ಗಂಡನನ್ನು ಕಳೆದುಕೊಂಡ ಅವಳು ಹಿಂಡು ಹೊಡೆದುಕೊಂಡು ಬಂದಳು. ಮುಂಗೈಯಲ್ಲಿ ಹುಣ್ಣಿನ ಕಲೆ ಉಳಿದಿತ್ತು. ಜೊತೆಗೆ ಗಂಡನ ಅಣ್ಣ ಬಂದಿದ್ದ, ತಲೆಗೆ ಪಟಗಾ ಸುತ್ತಿಕೊಂಡು ಮುಂದೆ ನಿಂತಿದ್ದ. ನಾನು ಲ್ಯಾಪ್‌ಟಾಪ್ ತೆಗೆದು, ಸತ್ತವನ ಹೆಸರಿನ ಪುಟ ತೆರೆದೆ.

"ತಮ್ಮ ಹೋದ ಮ್ಯಾಲ ಇವೆಲ್ಲಾ ಈಗ ನನ್ನ ಹೆಸರಿಲೆ ಬರ್ಕೋರಿ," ಎಂದ ಅಣ್ಣ.

ನಾನು ಅವಳತ್ತ ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರಿಗಳನ್ನು ನೋಡುತ್ತಿದ್ದಳು.

"ವರ್ಷಾನಗಟ್ಲೆ ಕಾದಾಕಿ ನಾನ್ರಿ," ಎಂದಳು, ಅವನ ಕಡೆ ತಿರುಗದೆ. "ಬಿಸಲಾಗ ನಿಂತಾಕಿ ನಾನು. ನನ್ನ ಹೆಸರ ಬರೀರಿ ಅಕ್ಕಾರ."

ಅಣ್ಣ ಏನೋ ಹೇಳಲು ಬಾಯಿ ತೆರೆದ. ಸರದಿಯಲ್ಲಿದ್ದ ಹಿರಿಯ ಕುರಿಗಾರ ಅವನ ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ಬಿಡೋ ತಮ್ಮಾ," ಎಂದ. ಅವನು ಸುಮ್ಮನಾದ. ಎಷ್ಟು ದಿನದ ಮಟ್ಟಿಗೋ ಗೊತ್ತಿಲ್ಲ. ನನ್ನ ಲ್ಯಾಪ್‌ಟಾಪಿನ ಹೆಸರಿಗೆ ಕಾನೂನಿನ ಬೆಲೆಯಿಲ್ಲ, ಅದು ಅವನಿಗೂ ಗೊತ್ತಿರಬೇಕು.

ಗಂಡನ ಪುಟದ ಶೀರ್ಷಿಕೆ ಬದಲಿಸುವುದು ಸುಲಭವಿತ್ತು. ಹಾಗೆ ಮಾಡಿದರೆ ಹಳೆಯ ಟಿಪ್ಪಣಿಗಳಲ್ಲೆಲ್ಲ ಅವನ ಹೆಸರಿದ್ದ ಕಡೆ ಅವಳದು ಬಂದು ಕೂರುತ್ತದೆ. ಅವನು ನಿಂತ ಜಾಗ, ಕೇಳಿದ ಔಷಧಿ, ಕೊನೆಗೆ ಅವನ ಸಾವು ಕೂಡ. ಆ ಪುಟವನ್ನು ಹಾಗೇ ಬಿಟ್ಟೆ. ಹೊಸ ಪುಟ ತೆಗೆದೆ. ಅವಳು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಬಿಡಿಬಿಡಿಸಿ ಹೇಳಿದಳು. ನಾನು ಟೈಪ್ ಮಾಡಿ ಪರದೆಯನ್ನು ಅವಳತ್ತ ತಿರುಗಿಸಿದೆ. ಓದಿ, ಒಂದು ದೀರ್ಘ ತಿದ್ದಿಸಿದಳು.

ಆಮೇಲೆ ಹಿಂಡಿನೊಳಗೆ ನುಗ್ಗಿ ಒಂದು ಕುರಿಯನ್ನು ಎಳೆದು ತಂದು, ಎರಡು ಮೊಣಕಾಲ ನಡುವೆ ಅದುಮಿ ಹಿಡಿದಳು.

"ಹಾಕ್ರಿ," ಎಂದಳು.